ಹಾಪ್ಕಿನ್ಸನ್ ಬಾರ್‌ನಲ್ಲಿ ಮೊದಲ ಶಾಟ್: ವೇಗದ ಹೊಡೆತಕ್ಕೆ ಲೋಹ ಎಲ್ಲಿ ಮಣಿಯುತ್ತದೆ ಎಂದು ಅಳೆಯುವ ಬಗೆ

ಕಾಲೇಜು ಲ್ಯಾಬಿನ ಯುಟಿಎಂನಲ್ಲಿ (ಸ್ಯಾಂಪಲನ್ನು ನಿಧಾನವಾಗಿ ಎಳೆದು ಅಥವಾ ಒತ್ತಿ ಬಲ ಅಳೆಯುವ ಯಂತ್ರ) ಮೈಲ್ಡ್ ಸ್ಟೀಲ್ ಸರಳನ್ನು ಎಳೆದರೆ ಅದು 250 ಮೆಗಾಪ್ಯಾಸ್ಕಲ್ ಆಸುಪಾಸಿನಲ್ಲಿ ಯೀಲ್ಡ್ ಆಗುತ್ತದೆ, ಅಂದರೆ ಮತ್ತೆ ಮೊದಲಿನ ಆಕಾರಕ್ಕೆ ಬರದಂತೆ ಮಣಿಯುತ್ತದೆ. ಡಿಸೈನ್ ಲೆಕ್ಕಕ್ಕೂ ಅದೇ ನಂಬರ್ ಹೋಗುತ್ತದೆ. ಆದರೆ ಯುಟಿಎಂ ಎಳೆಯುವುದು ನಿಮಿಷಗಟ್ಟಲೆ. ಕಾರು ಗೋಡೆಗೆ ಗುದ್ದಿದರೆ ಅದರ ಮೂತಿ ಜಜ್ಜಿಹೋಗುವುದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅಷ್ಟು ಬೇಗ ನಡೆಯುವ ಕೆಲಸಕ್ಕೆ ಇಷ್ಟು ನಿಧಾನವಾಗಿ ಅಳೆದ ನಂಬರ್ ಹೊಂದುತ್ತದಾ? ಸ್ಟೀಲಿನ ಮಟ್ಟಿಗೆ ಖಂಡಿತ ಹೊಂದುವುದಿಲ್ಲ.

ಇಲ್ಲಿ ಲೆಕ್ಕಕ್ಕೆ ಬರುವುದು ಸ್ಟ್ರೈನ್ ರೇಟ್. ಅಂದರೆ ಸ್ಟ್ರೈನ್ (ಮೊದಲಿನ ಉದ್ದದಲ್ಲಿ ಎಷ್ಟು ಪಾಲು ಹಿಗ್ಗಿತು ಅಥವಾ ಕುಗ್ಗಿತು ಎಂಬ ಲೆಕ್ಕ) ಒಂದು ಸೆಕೆಂಡಿಗೆ ಎಷ್ಟು ಬೆಳೆಯುತ್ತದೆ ಎಂಬುದು. 50 ಮಿ.ಮೀ. ಗೇಜ್ ಉದ್ದದ ಸರಳನ್ನು ನಿಮಿಷಕ್ಕೆ 5 ಮಿ.ಮೀ. ಎಳೆದರೆ ಸೆಕೆಂಡಿಗೆ ಸುಮಾರು 0.0017 ಆಯಿತು. ಮೈಲ್ಡ್ ಸ್ಟೀಲಿಗೆ ಬಹಳ ವರ್ಷಗಳಿಂದ ಬಳಕೆಯಲ್ಲಿರುವ ಕೌಪರ್-ಸೈಮಂಡ್ಸ್ ಸೂತ್ರದ ಪ್ರಕಾರ ಸ್ಟ್ರೈನ್ ರೇಟ್ ಸೆಕೆಂಡಿಗೆ 40ರ ಹತ್ತಿರ ಬಂದಾಗಲೇ ಯೀಲ್ಡ್ ಎರಡರಷ್ಟಾಗುತ್ತದೆ. ಕಾರಣ ಲೋಹದ ಒಳಗಿದೆ. ಲೋಹ ಮಣಿಯುವುದು ಹರಳಿನೊಳಗಿನ ಡಿಸ್‌ಲೊಕೇಶನ್‌ಗಳು, ಅಂದರೆ ಪರಮಾಣುಗಳ ಸಾಲು ತಪ್ಪಿದ ಗೆರೆಗಳು, ಸರಿದಾಡುವುದರಿಂದ. ಕಬ್ಬಿಣದ ಹರಳಿನಲ್ಲಿ ಅವು ಪ್ರತಿ ಹೆಜ್ಜೆಗೂ ಒಂದು ತಡೆ ದಾಟಬೇಕು, ಅದಕ್ಕೆ ಪರಮಾಣುಗಳ ಬಿಸಿಯ ಅಲುಗಾಟ ನೆರವಾಗುತ್ತದೆ. ಆ ನೆರವು ಸಿಗಲು ಒಂದಿಷ್ಟು ಹೊತ್ತು ಬೇಕು. ಹೊತ್ತು ಕೊಡದಿದ್ದರೆ ಅದೇ ಕೆಲಸಕ್ಕೆ ಜಾಸ್ತಿ ಬಲ ಹಾಕಬೇಕು. 6061-ಟಿ6 ಅಲ್ಯೂಮಿನಿಯಂನ ಕಥೆ ಬೇರೆ. ಸೆಕೆಂಡಿಗೆ 1000ದವರೆಗೆ ಹೋದರೂ ಅದರ ಯೀಲ್ಡ್ ಹೆಚ್ಚೇನೂ ಏರುವುದಿಲ್ಲ. ಹಾಗಾಗಿ ಎಲ್ಲ ಲೋಹಕ್ಕೂ ಒಂದೇ ಗುಣಕ ಹಾಕಿ ಮುಗಿಸುವ ಹಾಗಿಲ್ಲ. ಅಳೆಯಲೇಬೇಕು.

ಹಾಗೆ ಅಳೆಯುವ ಒಂದು ಯಂತ್ರ ಹಾಪ್ಕಿನ್ಸನ್ ಬಾರ್: ಎರಡು ಉದ್ದನೆಯ ಸರಳುಗಳ ನಡುವೆ ಸ್ಯಾಂಪಲ್ ಇಟ್ಟು ಹೊಡೆಯುವುದು. ಈ ಲೇಖನ ಅದರಲ್ಲಿ ಮೊದಲ ಸಲ ಟೆಸ್ಟ್ ಮಾಡಲು ಹೊರಟವರಿಗೆ. ಎಂ.ಟೆಕ್ ಪ್ರಾಜೆಕ್ಟ್ ಇರಬಹುದು, ಕಂಪನಿಯ ಕ್ರ್ಯಾಶ್ ಸಿಮ್ಯುಲೇಶನ್‌ಗೆ ಡೇಟಾ ಬೇಕಿರಬಹುದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಯಂತ್ರ ಯಾವ ಸ್ಯಾಂಪಲ್ ಇಟ್ಟರೂ, ಹೇಗೆ ಇಟ್ಟರೂ, ಒಂದು ಚೆಂದದ ಕರ್ವ್ ಬರೆದುಕೊಡುತ್ತದೆ. ಆ ಕರ್ವ್ ನಿಜವಾ ಅಂತ ಅದು ಹೇಳುವುದಿಲ್ಲ. ಅದನ್ನು ತೋರಿಸಬೇಕಾದವರು ನೀವೇ. ಮುಂದೆ ಬರುವ ಅರ್ಧಕ್ಕರ್ಧ ಕೆಲಸ ಅದಕ್ಕಾಗಿಯೇ ಇದೆ.

ಯಾವ ವೇಗಕ್ಕೆ ಯಾವ ಟೆಸ್ಟ್

ಮೊದಲು ನಿಮಗೆ ಬೇಕಿರುವ ಸ್ಟ್ರೈನ್ ರೇಟ್ ಎಷ್ಟು ಎಂದು ಗೊತ್ತು ಮಾಡಿಕೊಳ್ಳಿ. ಸೆಕೆಂಡಿಗೆ ನೂರರ ಒಳಗಾದರೆ ವೇಗದ ಸರ್ವೋ ಹೈಡ್ರಾಲಿಕ್ ಮೆಷಿನ್ ಅಥವಾ ಮೇಲಿನಿಂದ ತೂಕ ಬೀಳಿಸುವ ಡ್ರಾಪ್ ಟವರ್ ಸಾಕು. ಕೆಲವು ನೂರರಿಂದ ಹತ್ತು ಸಾವಿರದವರೆಗೆ ಹಾಪ್ಕಿನ್ಸನ್ ಬಾರ್. ಅದಕ್ಕಿಂತ ಮೇಲೆ, ಲಕ್ಷದವರೆಗೆ, ಟೇಲರ್ ಟೆಸ್ಟ್ (ಅದರ ಮಾತು ಕೊನೆಯಲ್ಲಿದೆ). ಅದನ್ನೂ ದಾಟಿದರೆ ತಟ್ಟೆಗೆ ತಟ್ಟೆ ಗುದ್ದಿಸುವ ಪ್ಲೇಟ್ ಇಂಪ್ಯಾಕ್ಟ್, ಅದು ಇಲ್ಲಿ ಬೇಡ.

ತೂಗಾಡುವ ಸುತ್ತಿಗೆಯಿಂದ ಸ್ಯಾಂಪಲ್ ಮುರಿಯುವ ಚಾರ್ಪಿ ಟೆಸ್ಟ್ ಕೂಡ ಹೊಡೆತವೇ ಅಲ್ವಾ ಎಂದು ಕೇಳುವವರು ಇದ್ದಾರೆ. ಹೊಡೆತವೇನೋ ಹೌದು. ಆದರೆ ಮಾಮೂಲಿ ಚಾರ್ಪಿ ಕೊಡುವುದು ಸ್ಯಾಂಪಲ್ ಮುರಿಯಲು ಹೋದ ಶಕ್ತಿ ಎಷ್ಟು ಜೂಲ್ ಎಂಬ ಲೆಕ್ಕ. ಯೀಲ್ಡ್ ಸ್ಟ್ರೆಸ್, ಅಂದರೆ ಯೀಲ್ಡ್ ಆಗುವಾಗ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಬೀಳುವ ಬಲ, ಅದರಿಂದ ಸಿಗುವುದಿಲ್ಲ.

ಯಂತ್ರ ಕೆಲಸ ಮಾಡುವುದು ಹೀಗೆ

ಕೇಂಬ್ರಿಜ್‌ನಲ್ಲಿದ್ದ ಬರ್ಟ್ರಮ್ ಹಾಪ್ಕಿನ್ಸನ್ 1914ರಲ್ಲಿ ಗುಂಡು ಮತ್ತು ಸ್ಫೋಟಕಗಳ ಒತ್ತಡ ಅಳೆಯಲು ಉದ್ದನೆಯ ಸ್ಟೀಲ್ ಸರಳು ಬಳಸಿದರು. 1949ರಲ್ಲಿ ಹರ್ಬರ್ಟ್ ಕೋಲ್ಸ್‌ಕಿ ಸರಳನ್ನು ಎರಡು ಮಾಡಿ ನಡುವೆ ಸ್ಯಾಂಪಲ್ ಇಟ್ಟರು. ಇವತ್ತಿಗೂ ವಿನ್ಯಾಸ ಅದೇ. ಬದಲಾಗಿರುವುದು ಸ್ಟ್ರೈನ್ ಗೇಜ್ (ಬಾರ್‌ಗೆ ಅಂಟಿಸಿ ಸ್ಟ್ರೈನನ್ನು ವಿದ್ಯುತ್ ಸಿಗ್ನಲ್ಲಾಗಿ ಓದುವ ಚಿಕ್ಕ ಪಟ್ಟಿ) ಮತ್ತು ಆಸಿಲೋಸ್ಕೋಪ್.

ಗ್ಯಾಸ್ ಗನ್ ಒಂದು ಚಿಕ್ಕ ಸ್ಟ್ರೈಕರ್ ಬಾರನ್ನು ತಳ್ಳುತ್ತದೆ. ಅದು ಇನ್ಸಿಡೆಂಟ್ ಬಾರ್‌ನ ತುದಿಗೆ ಬಡಿಯುತ್ತದೆ. ಬಾರ್‌ನೊಳಗೆ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಸ್ಯಾಂಪಲ್ ಹತ್ತಿರ ಬಂದಾಗ ಒಂದು ಪಾಲು ಹಿಂದಕ್ಕೆ ಪುಟಿಯುತ್ತದೆ, ಇನ್ನೊಂದು ಪಾಲು ಸ್ಯಾಂಪಲ್ ದಾಟಿ ಟ್ರಾನ್ಸ್‌ಮಿಷನ್ ಬಾರ್‌ಗೆ ಹೋಗುತ್ತದೆ. ದಾಟಿದ ಪಾಲು ಸ್ಯಾಂಪಲ್ ಎಷ್ಟು ಬಲ ಹೊತ್ತಿತು ಎಂದು ಹೇಳುತ್ತದೆ. ಪುಟಿದು ಬಂದ ಪಾಲು ಸ್ಯಾಂಪಲ್ ಎಷ್ಟು ವೇಗವಾಗಿ ಕುಗ್ಗಿತು ಎಂದು ಹೇಳುತ್ತದೆ. ಸ್ಯಾಂಪಲ್ ಮೇಲೆ ಒಂದೂ ಸೆನ್ಸರ್ ಇಲ್ಲ. ನನಗೆ ಈ ಯಂತ್ರದಲ್ಲಿ ಬಹಳ ಇಷ್ಟವಾಗುವುದೇ ಇದು.

ಹಂತ 1: ಬಾರ್‌ಗಳನ್ನು ಹೊಂದಿಸುವುದು

ಲೆಕ್ಕಕ್ಕಾಗಿ ಒಂದು ಸೆಟಪ್ ಇಟ್ಟುಕೊಳ್ಳೋಣ. 20 ಮಿ.ಮೀ. ವ್ಯಾಸದ ಎರಡು ಬಾರ್, ಒಂದೊಂದೂ 1500 ಮಿ.ಮೀ. ಉದ್ದ. ಸ್ಟ್ರೈಕರ್ 300 ಮಿ.ಮೀ. ಮೂರೂ ಒಂದೇ ವ್ಯಾಸ, ಒಂದೇ ಸ್ಟೀಲ್. ಯಂಗ್ಸ್ ಮಾಡ್ಯುಲಸ್ (ಸ್ಟ್ರೈನ್‌ಗೆ ತಕ್ಕಂತೆ ಸ್ಟ್ರೆಸ್ ಎಷ್ಟು ಏರುತ್ತದೆ ಎಂಬ ಗುಣಕ) 200 ಗಿಗಾಪ್ಯಾಸ್ಕಲ್, ಸಾಂದ್ರತೆ ಘನಮೀಟರಿಗೆ 7850 ಕಿಲೋ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ವರ್ಗಮೂಲ ತೆಗೆದರೆ ಅಲೆಯ ವೇಗ ಸೆಕೆಂಡಿಗೆ 5050 ಮೀಟರ್.

ಬಾರ್ ಎಂದಿಗೂ ಯೀಲ್ಡ್ ಆಗಬಾರದು. ಅದಕ್ಕೇ ಬಹಳ ಗಟ್ಟಿಯಾದ ಮರೇಜಿಂಗ್ ಸ್ಟೀಲ್ ಬಳಸುತ್ತಾರೆ. ಬಜೆಟ್ ಇಲ್ಲದಿದ್ದರೆ ಗಟ್ಟಿ ಮಾಡಿದ ಅಲಾಯ್ ಸ್ಟೀಲ್ ನಡೆಯುತ್ತದೆ, ಆದರೆ ಸ್ಟ್ರೈಕರ್ ವೇಗಕ್ಕೆ ಒಂದು ಮಿತಿ ಹಾಕಿಕೊಳ್ಳಿ. ಬಾರ್‌ನೊಳಗಿನ ಸ್ಟ್ರೆಸ್ ತಿಳಿಯುವುದು ಸುಲಭ: ಸಾಂದ್ರತೆ, ಅಲೆಯ ವೇಗ, ಸ್ಟ್ರೈಕರ್ ವೇಗ ಮೂರನ್ನೂ ಗುಣಿಸಿ ಅರ್ಧ ಮಾಡಿ. ಸೆಕೆಂಡಿಗೆ 15 ಮೀಟರ್ ವೇಗಕ್ಕೆ 297 ಮೆಗಾಪ್ಯಾಸ್ಕಲ್ ಬರುತ್ತದೆ. ಅಲೆ ಎಷ್ಟು ಹೊತ್ತು ಇರುತ್ತದೆ? ಸ್ಟ್ರೈಕರ್ ಉದ್ದದ ಎರಡರಷ್ಟನ್ನು ಅಲೆಯ ವೇಗದಿಂದ ಭಾಗಿಸಿ. 119 ಮೈಕ್ರೊಸೆಕೆಂಡ್. ನಿಮ್ಮ ಇಡೀ ಟೆಸ್ಟ್ ಅಷ್ಟೇ ಹೊತ್ತಿನದು.

ಬಾರ್ ನೇರವಾಗಿರಬೇಕು, ತುದಿಗಳು ಸಮತಟ್ಟಾಗಿರಬೇಕು, ಎಲ್ಲವೂ ಒಂದೇ ಗೆರೆಯಲ್ಲಿರಬೇಕು. ಬೆಂಗಳೂರಿನವರಾದರೆ ಪೀಣ್ಯದಲ್ಲಿ ಸೆಂಟರ್‌ಲೆಸ್ ಗ್ರೈಂಡಿಂಗ್ ಮಾಡಿಕೊಡುವವರು ಸಿಗುತ್ತಾರೆ. ಅವರಿಗೆ ವ್ಯಾಸದ ಟಾಲರೆನ್ಸ್ ಒಂದನ್ನೇ ಹೇಳಿ ಬರಬೇಡಿ. ಉದ್ದಕ್ಕೂ ನೇರ ಇರಬೇಕು ಎಂಬುದನ್ನೂ, ತುದಿ ಮೂಲೆಮಟ್ಟಕ್ಕೆ ಇರಬೇಕು ಎಂಬುದನ್ನೂ ಡ್ರಾಯಿಂಗ್‌ನಲ್ಲೇ ಬರೆದುಕೊಡಿ.

ಬೇರಿಂಗ್ ಮೇಲೆ ಕೂರಿಸಿದ ಮೇಲೆ ಒಂದೇ ಬೆರಳಿನಿಂದ ಬಾರ್ ತಳ್ಳಿ ನೋಡಿ. ಸರಾಗವಾಗಿ ಜಾರಬೇಕು. ಎಲ್ಲಾದರೂ ಹಿಡಿದರೆ ಆ ಸ್ಟ್ಯಾಂಡ್ ಗೆರೆ ತಪ್ಪಿದೆ. ಆಮೇಲೆ ಎರಡು ಬಾರ್‌ಗಳ ತುದಿ ತಾಗಿಸಿ, ಹಿಂದಿನಿಂದ ಟಾರ್ಚ್ ಬಿಡಿ. ಸಂದಿಯಲ್ಲಿ ಒಂದು ಕಡೆ ಬೆಳಕು ಕಂಡು ಇನ್ನೊಂದು ಕಡೆ ಕಾಣದಿದ್ದರೆ ಮತ್ತೆ ಹೊಂದಿಸಿ. ಬಾರ್ ತಿರುಗಿಸಿದಾಗ ಬೆಳಕೂ ಜೊತೆಗೇ ತಿರುಗಿದರೆ ತಪ್ಪು ಸ್ಟ್ಯಾಂಡಿನದಲ್ಲ, ತುದಿಯದು.

ಹಂತ 2: ಗೇಜ್ ಅಂಟಿಸುವುದು

ಇಡೀ ಟೆಸ್ಟಿನಲ್ಲಿ ತಾಳ್ಮೆ ಬೇಡುವ ಜಾಗ ಇದು. ಇಲ್ಲಿ ಅರ್ಧ ದಿನ ಹೋದರೆ ಹೋಗಲಿ.

ಜಾಗ ಎಲ್ಲಿ? ಬಾರ್‌ನ ನಟ್ಟನಡುವೆ. ತುದಿಯಿಂದ ಕನಿಷ್ಠ ಹತ್ತು ವ್ಯಾಸದಷ್ಟು ದೂರ ಬೇಕು, ಇಲ್ಲಿ 200 ಮಿ.ಮೀ. ಇನ್ನೊಂದು ಷರತ್ತೂ ಇದೆ. ಹೋಗುವ ಅಲೆ ಮುಗಿಯುವ ಮೊದಲೇ ಪುಟಿದ ಅಲೆ ಅದೇ ಗೇಜ್‌ಗೆ ಬರಬಾರದು. ಹಾಗಾಗಿ ಗೇಜ್‌ನಿಂದ ಸ್ಯಾಂಪಲ್‌ವರೆಗಿನ ದೂರ ಸ್ಟ್ರೈಕರ್ ಉದ್ದಕ್ಕಿಂತ ಜಾಸ್ತಿ ಇರಬೇಕು. ನಡುವೆ ಅಂಟಿಸಿದರೆ 750 ಮಿ.ಮೀ. ಇದೆ. ಹೋಗಿ ಬರಲು 297 ಮೈಕ್ರೊಸೆಕೆಂಡ್ ಬೇಕು, ಅಲೆ ಇರುವುದು 119. ಧಾರಾಳ.

ಒಂದೊಂದು ಬಾರ್‌ಗೂ ಎರಡು ಗೇಜ್, ಒಂದಕ್ಕೊಂದು ಎದುರುಬದುರು. ಬಾರ್ ಸ್ವಲ್ಪ ಬಾಗಿದರೂ ಒಂದು ಕಡೆ ಹೆಚ್ಚಾಗಿದ್ದು ಇನ್ನೊಂದು ಕಡೆ ಕಡಿಮೆಯಾಗಿ ವಜಾ ಆಗುತ್ತದೆ. ವೀಟ್‌ಸ್ಟೋನ್ ಬ್ರಿಜ್‌ನಲ್ಲೂ (ಗೇಜ್‌ನ ರೆಸಿಸ್ಟೆನ್ಸ್ ಬದಲಾವಣೆಯನ್ನು ವೋಲ್ಟೇಜ್ ಆಗಿ ತೋರಿಸುವ ನಾಲ್ಕು ತೋಳಿನ ಸರ್ಕ್ಯೂಟ್) ಅವನ್ನು ಎದುರುಬದುರು ತೋಳುಗಳಲ್ಲೇ ಹಾಕಿ. ಪಕ್ಕಪಕ್ಕದ ತೋಳಿನಲ್ಲಿ ಹಾಕಿದರೆ ಬೇಕಾದ ಸಿಗ್ನಲ್ಲೇ ವಜಾ ಆಗಿ ಬರೀ ಬಾಗುವಿಕೆ ಕಾಣಿಸುತ್ತದೆ.

ಅಂಟಿಸುವ ಕ್ರಮ ಹೀಗೆ. ಜಾಗವನ್ನು ಅಸಿಟೋನ್‌ನಿಂದ ಒರೆಸಿ. 320 ಅಥವಾ 400 ನಂಬರ್ ಎಮರಿ ಪೇಪರಿನಿಂದ ಅಡ್ಡಡ್ಡ ಉಜ್ಜಿ, ಹೊಳಪು ಹೋಗಬೇಕು. ಗೆರೆ ಎಳೆಯಲು ಸ್ಕ್ರೈಬರ್ ಬೇಡ, ಗಟ್ಟಿ ಪೆನ್ಸಿಲ್ ಸಾಕು. ಮತ್ತೆ ಅಸಿಟೋನ್ ಹಾಕಿ ಹತ್ತಿಯಿಂದ ಒರೆಸಿ. ಒಂದೇ ದಿಕ್ಕಿಗೆ ಒಂದು ಸಲ ಎಳೆದು ಆ ಹತ್ತಿ ಬಿಸಾಕಿ, ಹೊಸದು ತೆಗೆದುಕೊಳ್ಳಿ. ಹಿಂದೆ ಮುಂದೆ ಉಜ್ಜಿದರೆ ತೆಗೆದ ಜಿಡ್ಡನ್ನು ವಾಪಸ್ ಹಚ್ಚಿದ ಹಾಗಾಗುತ್ತದೆ. ಹತ್ತಿ ಬಿಳಿಯಾಗಿಯೇ ಉಳಿಯುವವರೆಗೆ ಮಾಡಿ. ಗೇಜನ್ನು ಪಾರದರ್ಶಕ ಟೇಪಿನಿಂದ ಎತ್ತಿ, ಗೆರೆಗೆ ಹೊಂದಿಸಿ ಅಂಟಿಸಿ, ಟೇಪಿನ ಒಂದು ತುದಿ ಎತ್ತಿ ಗೇಜ್ ಕೆಳಗೆ ಸಯನೊಆಕ್ರಿಲೇಟ್ ಅಂಟು ಒಂದೇ ಹನಿ. ಟೇಪ್ ಇಳಿಸಿ ಹೆಬ್ಬೆರಳಿನಿಂದ ಒಂದು ನಿಮಿಷ ಒತ್ತಿ ಹಿಡಿಯಿರಿ. ಬೆರಳಿನ ಬಿಸಿ ಅಂಟು ಕೂರಲು ನೆರವಾಗುತ್ತದೆ. ಟೇಪ್ ತೆಗೆಯುವಾಗ ಮೇಲಕ್ಕೆ ಕೀಳಬೇಡಿ, ಮಡಚಿದ ಹಾಗೆ ಹಿಂದಕ್ಕೆ ಎಳೆಯಿರಿ.

ವೈರ್ ಬೆಸುಗೆ ಹಾಕುವಾಗ ಸಣ್ಣ ಎನಾಮಲ್ ವೈರ್ ಬಳಸಿ, ಒಂದು ಚಿಕ್ಕ ಸುರುಳಿ ಬಿಟ್ಟು ಆಮೇಲೆ ಟರ್ಮಿನಲ್‌ಗೆ ಕಟ್ಟಿ. ಶಾಟ್ ಆದಾಗ ಬಾರ್ ಮುಂದಕ್ಕೆ ನುಗ್ಗುತ್ತದೆ. ವೈರ್ ಬಿಗಿಯಾಗಿದ್ದರೆ ಬೆಸುಗೆಯ ಬುಡದಲ್ಲೇ ಕಿತ್ತುಬರುತ್ತದೆ. ಸಿಗ್ನಲ್ ಇದ್ದಕ್ಕಿದ್ದಂತೆ ಮಾಯವಾದರೆ ಹತ್ತರಲ್ಲಿ ಒಂಬತ್ತು ಸಲ ಆಗಿರುವುದು ಇದೇ. ಆಂಪ್ಲಿಫೈಯರ್ ತೆರೆದು ನೋಡುವ ಮೊದಲು ಬೆಸುಗೆ ನೋಡಿ.

ಬ್ರಿಜ್‌ಗೆ 5 ವೋಲ್ಟ್ ಕೊಟ್ಟರೆ, ಗೇಜ್ ಫ್ಯಾಕ್ಟರ್ 2 ಆದರೆ, ಸೆಕೆಂಡಿಗೆ 15 ಮೀಟರ್ ಶಾಟ್‌ಗೆ 7.4 ಮಿಲಿವೋಲ್ಟ್ ಬರುತ್ತದೆ. ನೂರು ಪಟ್ಟು ಹಿಗ್ಗಿಸಿದರೆ 0.74 ವೋಲ್ಟ್. ಆಂಪ್ಲಿಫೈಯರ್ ಕೊಳ್ಳುವಾಗ ಬ್ಯಾಂಡ್‌ವಿಡ್ತ್ ನೋಡಿ. ಯುಟಿಎಂಗೆ ಬಳಸುವ ಸ್ಟ್ರೈನ್ ಇಂಡಿಕೇಟರ್ ಇಲ್ಲಿ ಕೆಲಸಕ್ಕೆ ಬಾರದು. 500 ಕಿಲೋಹರ್ಟ್ಸ್ ಇದ್ದರೆ ನಿಶ್ಚಿಂತೆ. ಆಸಿಲೋಸ್ಕೋಪ್ 8 ಬಿಟ್‌ನದಾದರೆ ಸಣ್ಣ ಸಿಗ್ನಲ್ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಆದ್ದರಿಂದ 12 ಬಿಟ್‌ನದು ಸಿಕ್ಕರೆ ಒಳ್ಳೆಯದು.

ಹಂತ 3: ಸ್ಯಾಂಪಲ್

ಚಿಕ್ಕ ಸಿಲಿಂಡರ್. 10 ಮಿ.ಮೀ. ವ್ಯಾಸ, 5 ಮಿ.ಮೀ. ಎತ್ತರ. ಎತ್ತರ ವ್ಯಾಸದ ಅರ್ಧ ಯಾಕೆ? ಸ್ಯಾಂಪಲ್ ಕುಗ್ಗುವಾಗ ಅದರ ಲೋಹ ಎತ್ತರದ ದಿಕ್ಕಿನಲ್ಲೂ ಸುತ್ತ ಹೊರಕ್ಕೂ ಓಡಬೇಕು, ಆ ಓಟಕ್ಕೇ ಒಂದಿಷ್ಟು ಬಲ ಹೋಗುತ್ತದೆ. ಡೇವಿಸ್ ಮತ್ತು ಹಂಟರ್ 1963ರಲ್ಲಿ ತೋರಿಸಿದ ಪ್ರಕಾರ ಪಾಯ್ಸನ್ ಅನುಪಾತ (ಉದ್ದ ಕುಗ್ಗಿದ ಪಾಲಿಗೆ ಅಗಲ ಎಷ್ಟು ಪಾಲು ಹಿಗ್ಗುತ್ತದೆ ಎಂಬುದು) ಮೂರನೇ ಒಂದು ಇರುವ ಲೋಹಕ್ಕೆ ಎತ್ತರ ವ್ಯಾಸದ ಅರ್ಧ ಇದ್ದರೆ ಈ ದೋಷ ಬಹುಪಾಲು ವಜಾ ಆಗುತ್ತದೆ. ವ್ಯಾಸವಂತೂ ಬಾರ್‌ನ ಶೇ. 80ನ್ನು ಮೀರುವುದು ಬೇಡ. ಶೇ. 30 ಕುಗ್ಗಿದಾಗ ಸ್ಯಾಂಪಲ್ ಸುಮಾರು ಶೇ. 20 ಅಗಲವಾಗುತ್ತದೆ, ಆಗಲೂ ಅದು ಬಾರ್‌ನ ಅಂಚಿನೊಳಗೇ ಇರಬೇಕು.

ವೈರ್ ಕಟ್‌ನಲ್ಲಿ (ತಂತಿಯ ವಿದ್ಯುತ್ ಕಿಡಿಯಿಂದ ಲೋಹ ಕೊಯ್ಯುವ ಯಂತ್ರ) ಕತ್ತರಿಸಿದ್ದರೆ ಮುಖದ ಮೇಲೆ ಕರಗಿ ಮತ್ತೆ ಗಟ್ಟಿಯಾದ ತೆಳು ಪದರ ಇರುತ್ತದೆ. 600, ಆಮೇಲೆ 1000 ನಂಬರ್ ಪೇಪರಿನಲ್ಲಿ ಅದನ್ನು ತೆಗೆಯಿರಿ. ಲೇತ್‌ನಲ್ಲಿ ಕತ್ತರಿಸಿದ್ದರೆ ನಡುವೆ ಸಣ್ಣ ಮೊಳೆಯಂಥದ್ದು ಉಳಿದಿರುತ್ತದೆ, ಅದೂ ಹೋಗಬೇಕು. ಎರಡು ಮುಖಗಳೂ ಸಮಾನಾಂತರವಾಗಿ 0.01 ರಿಂದ 0.02 ಮಿ.ಮೀ. ಒಳಗೆ ಇರಲಿ. ಮೈಕ್ರೊಮೀಟರ್ ಹಿಡಿದು ಸುತ್ತಲೂ ನಾಲ್ಕು ಕಡೆ ಅಳೆದು ಬರೆದಿಡಿ. ತಗಡಿನಿಂದ ಕತ್ತರಿಸಿದ ಸ್ಯಾಂಪಲ್ ಆದರೆ ರೋಲಿಂಗ್ ದಿಕ್ಕನ್ನೂ ಬರೆಯಿರಿ.

ಮುಖಗಳಿಗೆ ಮಾಲಿಬ್ಡಿನಂ ಡೈಸಲ್ಫೈಡ್ ಗ್ರೀಸ್ ಹಚ್ಚಬೇಕು. ತೆಳುವಾಗಿ, ಹಚ್ಚಿ ಒರೆಸಿದ ಹಾಗೆ. ಜಾಸ್ತಿ ಹಚ್ಚಿದರೆ ಗ್ರೀಸೇ ಮೊದಲು ಕುಗ್ಗುತ್ತದೆ, ಅದು ಸ್ಯಾಂಪಲ್‌ನ ಸ್ಟ್ರೈನ್ ಎಂದು ಲೆಕ್ಕಕ್ಕೆ ಸೇರುತ್ತದೆ. ಕಡಿಮೆಯಾದರೆ ಘರ್ಷಣೆ ಸ್ಟ್ರೆಸ್ಸನ್ನು ಸುಳ್ಳೇ ಏರಿಸುತ್ತದೆ. ಗ್ರೀಸ್ ಸಾಕಾಯಿತಾ ಎಂದು ಟೆಸ್ಟ್ ಆದ ಮೇಲೆ ಸ್ಯಾಂಪಲ್ಲೇ ಹೇಳುತ್ತದೆ. ಬದಿ ನೇರವಾಗಿ ಉಳಿದಿದ್ದರೆ ಸರಿ. ಮೃದಂಗದ ಹಾಗೆ ಹೊಟ್ಟೆ ಬಂದಿದ್ದರೆ ಮುಖಗಳು ಜಾರಿಲ್ಲ, ಆ ಡೇಟಾ ಬದಿಗಿಡಿ.

ಒಂದೇ ದಂಡದಿಂದ ಯುಟಿಎಂಗೂ ನಾಲ್ಕಾರು ಸ್ಯಾಂಪಲ್ ಮಾಡಿಸಿಕೊಳ್ಳಿ. ನಿಧಾನದ ಕರ್ವ್ ಜೊತೆಗಿಲ್ಲದಿದ್ದರೆ ವೇಗದ ಕರ್ವ್ ಎಷ್ಟು ಏರಿತು ಅಂತ ಹೇಳಲು ಬರುವುದಿಲ್ಲ. ಪುಸ್ತಕದ 250 ಜೊತೆ ಹೋಲಿಸಬೇಡಿ. ಅಂಗಡಿಯಿಂದ ತಂದ ಮೈಲ್ಡ್ ಸ್ಟೀಲ್ 320 ಇದ್ದರೂ ಇರಬಹುದು.

ಹಂತ 4: ಸ್ಯಾಂಪಲ್ ಇಲ್ಲದೆ ಒಂದು ಶಾಟ್

ಎರಡು ಬಾರ್‌ಗಳನ್ನು ನೇರವಾಗಿ ತಾಗಿಸಿ ಹೊಡೆಯಿರಿ. ಹೋದ ಅಲೆ ಇಡೀ ದಾಟಬೇಕು, ಪುಟಿದು ಬರುವುದು ಸೊನ್ನೆಯ ಹತ್ತಿರ ಇರಬೇಕು. ಪುಟಿದ ಅಲೆ ಎದ್ದು ಕಂಡರೆ ತುದಿಗಳು ಸರಿಯಾಗಿ ಕೂತಿಲ್ಲ. ಅದೇ ಶಾಟ್‌ನಲ್ಲಿ ಗೇಜ್‌ನ ಲೆಕ್ಕವನ್ನೂ ನೋಡಿ. ಸ್ಟ್ರೈಕರ್ ವೇಗವನ್ನು ಗನ್ ಬಾಯಿಯಲ್ಲಿ ಎರಡು ಲೇಸರ್ ಕಿರಣ ಹಾಕಿ ಅಳೆಯುತ್ತಾರೆ. ಆ ವೇಗವನ್ನು ಅಲೆಯ ವೇಗದ ಎರಡರಷ್ಟರಿಂದ ಭಾಗಿಸಿದರೆ ಬರಬೇಕಾದ ಸ್ಟ್ರೈನ್ ಸಿಗುತ್ತದೆ. 15 ಮೀಟರ್‌ಗೆ 1485 ಮೈಕ್ರೊಸ್ಟ್ರೈನ್, ಅಂದರೆ ಹತ್ತು ಲಕ್ಷದಲ್ಲಿ 1485 ಪಾಲು. ಗೇಜ್ ತೋರಿಸಿದ್ದು ಒಂದೆರಡು ಪರ್ಸೆಂಟ್ ಒಳಗೆ ಹೊಂದಿದರೆ ಮುಂದೆ ಹೋಗಿ. ಹತ್ತು ಪರ್ಸೆಂಟ್ ಕಡಿಮೆ ಇದ್ದರೆ ಅಂಟು ಸರಿ ಕೂತಿಲ್ಲ ಅಥವಾ ಗೇನ್ ತಪ್ಪಾಗಿದೆ.

ಅಲೆಯ ವೇಗವನ್ನೂ ಇಲ್ಲೇ ಅಳೆದುಬಿಡಿ. ಪುಸ್ತಕದ ಮಾಡ್ಯುಲಸ್ ನಂಬುವುದಕ್ಕಿಂತ, ಒಂದು ಗೇಜ್‌ನಿಂದ ಇನ್ನೊಂದಕ್ಕೆ ಅಲೆ ಹೋಗಲು ಹಿಡಿದ ಹೊತ್ತು ನೋಡುವುದು ವಾಸಿ.

ಗುಂಡು ಹಾರಿಸುವ ಯಂತ್ರ ಇದು ಎಂಬುದು ಮರೆಯಬಾರದು. 300 ಮಿ.ಮೀ. ಸ್ಟ್ರೈಕರ್ ಮುಕ್ಕಾಲು ಕಿಲೋ ತೂಗುತ್ತದೆ. ಸೆಕೆಂಡಿಗೆ 15 ಮೀಟರ್‌ನಲ್ಲಿ ಅದರ ಶಕ್ತಿ 83 ಜೂಲ್. ಗ್ಯಾಸ್ ತುಂಬಿದ ಮೇಲೆ ಬಾರ್ ಗೆರೆಯಲ್ಲಿ ಯಾರ ಕೈಯೂ ಇರಬಾರದು. ಸ್ಯಾಂಪಲ್ ಸುತ್ತ ಪಾಲಿಕಾರ್ಬೊನೇಟ್ ಗೂಡು, ಕಣ್ಣಿಗೆ ಕನ್ನಡಕ. ಸ್ಯಾಂಪಲ್ ಇಡುವುದು ಮೊದಲು, ಗ್ಯಾಸ್ ತುಂಬುವುದು ಆಮೇಲೆ. ಸ್ಯಾಂಪಲ್ ಜಾರಿ ಬಿತ್ತು ಅಂದರೆ ಪೂರ್ತಿ ಗ್ಯಾಸ್ ಬಿಟ್ಟು, ಆಮೇಲೆ ಕೈ ಹಾಕಿ.

ಹಂತ 5: ಪಲ್ಸ್ ಶೇಪರ್

ಸ್ಟ್ರೈಕರ್ ನೇರ ಬಡಿದರೆ ಅಲೆ ಥಟ್ಟನೆ ಏರುತ್ತದೆ, ಮೇಲೆಲ್ಲ ಗರಗಸದಂಥ ಅಲುಗಾಟ ಇರುತ್ತದೆ. ಬೇರೆ ಬೇರೆ ಆವರ್ತನದ ಅಲೆಗಳು ಬಾರ್‌ನಲ್ಲಿ ಬೇರೆ ಬೇರೆ ವೇಗದಲ್ಲಿ ಓಡುವುದರಿಂದ ಹೀಗಾಗುತ್ತದೆ. ಅದನ್ನು ಸಾಫ್ಟ್‌ವೇರಿನಲ್ಲಿ ಸರಿಮಾಡುವ ದಾರಿಗಳಿವೆ. ಆದರೆ ಎಲ್ಲಕ್ಕಿಂತ ಅಗ್ಗದ ಮದ್ದು ಒಂದು ತಾಮ್ರದ ಬಿಲ್ಲೆ. ಕಾಯಿಸಿ ಮೆತ್ತಗೆ ಮಾಡಿದ ತಾಮ್ರ, 5 ಮಿ.ಮೀ. ವ್ಯಾಸ, 1 ಮಿ.ಮೀ. ದಪ್ಪ. ಇನ್ಸಿಡೆಂಟ್ ಬಾರ್‌ನ ಬಡಿತದ ತುದಿಗೆ ಚೂರು ಗ್ರೀಸ್ ಹಾಕಿ ನಡುವೆ ಅಂಟಿಸಿ. ಬಿಲ್ಲೆ ಜಜ್ಜಿಹೋಗುವಷ್ಟು ಹೊತ್ತು ಅಲೆ ನಿಧಾನವಾಗಿ ಏರುತ್ತದೆ, ಅಲುಗಾಟ ಬಹುತೇಕ ಅಡಗುತ್ತದೆ. ಪ್ರತಿ ಶಾಟ್‌ಗೂ ಹೊಸ ಬಿಲ್ಲೆ. ಒಂದೇ ಸಲಕ್ಕೆ ಐವತ್ತು ಪಂಚ್ ಮಾಡಿಸಿ ಡಬ್ಬಿಯಲ್ಲಿಟ್ಟುಕೊಳ್ಳಿ.

ಲೋಹಕ್ಕೆ ಇದಿಲ್ಲದೆಯೂ ಕೆಲಸ ನಡೆಸುವವರಿದ್ದಾರೆ. ಸೆರಾಮಿಕ್ ಮತ್ತು ಕಾಂಕ್ರೀಟಿಗಂತೂ ಇದು ಬೇಕೇ ಬೇಕು. ಅವು ಸ್ಟ್ರೈನ್ ಒಂದು ಪರ್ಸೆಂಟ್ ಮುಟ್ಟುವ ಮೊದಲೇ ಒಡೆದುಬಿಡುತ್ತವೆ.

ಹಂತ 6: ಶಾಟ್, ಮತ್ತು ಕರ್ವ್ ಓದುವುದು

ಸ್ಯಾಂಪಲನ್ನು ಬಾರ್‌ಗಳ ನಟ್ಟನಡುವೆ ಕೂರಿಸಿ, ಬ್ರಿಜ್ ಸೊನ್ನೆ ಮಾಡಿ, ಟ್ರಿಗರ್ ಸಿದ್ಧ ಮಾಡಿ, ಹೊಡೆಯಿರಿ. ಈ ಹಂತಕ್ಕೆ ಇಷ್ಟೇ ಮಾತು ಸಾಕು. ಕೆಲಸ ಶುರುವಾಗುವುದು ಸ್ಕ್ರೀನ್ ಮೇಲೆ.

ಮೂರು ಅಲೆ ಕಾಣುತ್ತವೆ. ಇನ್ಸಿಡೆಂಟ್ ಬಾರ್‌ನಲ್ಲಿ ಹೋದದ್ದು ಮತ್ತು ಪುಟಿದದ್ದು, ಟ್ರಾನ್ಸ್‌ಮಿಷನ್ ಬಾರ್‌ನಲ್ಲಿ ದಾಟಿದ್ದು. ನಮ್ಮ ಉದಾಹರಣೆಯಲ್ಲಿ ಹೋದದ್ದು 1485 ಮೈಕ್ರೊಸ್ಟ್ರೈನ್ ಎಂದಿತ್ತು. ಒಂದು ಗಳಿಗೆಯಲ್ಲಿ ದಾಟಿದ್ದು 750, ಪುಟಿದದ್ದು 735 ಎಂದುಕೊಳ್ಳಿ. ದಾಟಿದ್ದನ್ನು ಬಾರ್‌ನ ಮಾಡ್ಯುಲಸ್‌ನಿಂದ ಗುಣಿಸಿದರೆ ಬಾರ್‌ನಲ್ಲಿ 150 ಮೆಗಾಪ್ಯಾಸ್ಕಲ್. ಬಾರ್‌ನ ಅಡ್ಡಕೊಯ್ತ ಸ್ಯಾಂಪಲ್‌ನ ನಾಲ್ಕರಷ್ಟು. ಹಾಗಾಗಿ ಸ್ಯಾಂಪಲ್‌ನಲ್ಲಿ 600. ಇನ್ನು ಪುಟಿದದ್ದು: ಅದನ್ನು ಅಲೆಯ ವೇಗದ ಎರಡರಷ್ಟರಿಂದ ಗುಣಿಸಿ ಸ್ಯಾಂಪಲ್ ಎತ್ತರದಿಂದ ಭಾಗಿಸಿ. ಸೆಕೆಂಡಿಗೆ ಸುಮಾರು 1485. ಇದು ಸ್ಟ್ರೈನ್ ರೇಟ್. ಇದನ್ನು ಹೊತ್ತಿನ ಉದ್ದಕ್ಕೂ ಕೂಡಿಸುತ್ತಾ ಹೋದರೆ ಸ್ಟ್ರೈನ್. 119 ಮೈಕ್ರೊಸೆಕೆಂಡ್ ಮುಗಿಯುವಾಗ ಶೇ. 17ರಿಂದ 18. ಸ್ಟ್ರೈನ್ ರೇಟಿನ ನಂಬರ್ ಮತ್ತು ಹೋದ ಅಲೆಯ ನಂಬರ್ ಎರಡೂ 1485 ಆದದ್ದು ಸುಮ್ನೆ ಕಾಕತಾಳೀಯ, ಗಲಿಬಿಲಿ ಬೇಡ.

ಇದು ಎಂಜಿನಿಯರಿಂಗ್ ಸ್ಟ್ರೆಸ್, ಅಂದರೆ ಸ್ಯಾಂಪಲ್‌ನ ಮೊದಲಿನ ಅಡ್ಡಕೊಯ್ತ ಹಿಡಿದು ಮಾಡಿದ ಲೆಕ್ಕ. ಸ್ಯಾಂಪಲ್ ಅಗಲವಾಗುತ್ತಾ ಹೋಗುತ್ತದಲ್ಲ, ಶೇ. 10 ಕುಗ್ಗಿದಾಗ ಈ 600 ನಿಜದಲ್ಲಿ 540. ಸಿಮ್ಯುಲೇಶನ್‌ಗೆ ಕೊಡಬೇಕಾದದ್ದು ಈ ಎರಡನೆಯ ನಂಬರ್.

ಈಗ ಮುಖ್ಯ ಪರೀಕ್ಷೆ. ಮೇಲಿನ ಲೆಕ್ಕವೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ: ಸ್ಯಾಂಪಲ್‌ನ ಎರಡೂ ಮುಖದಲ್ಲಿ ಬಲ ಒಂದೇ ಇತ್ತು ಎಂದು. ಅದನ್ನು ನೋಡಬಹುದು. ಮುಂದಿನ ಮುಖದ ಬಲ ಹೋದ ಅಲೆ ಮತ್ತು ಪುಟಿದ ಅಲೆಗಳನ್ನು ಚಿಹ್ನೆ ಸಮೇತ ಕೂಡಿಸಿದರೆ ಸಿಗುತ್ತದೆ, ಹಿಂದಿನ ಮುಖದ್ದು ದಾಟಿದ ಅಲೆಯಿಂದ. ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ. ವ್ಯತ್ಯಾಸ ಶೇ. 5ರ ಒಳಗೆ ಬಂದ ಗಳಿಗೆಯಿಂದ ಮುಂದಿನ ಡೇಟಾ ಬಳಸಿ, ಹಿಂದಿನದನ್ನು ಬಿಡಿ. 5 ಮಿ.ಮೀ. ಸ್ಟೀಲ್ ಸ್ಯಾಂಪಲನ್ನು ಅಲೆ ಒಂದು ಮೈಕ್ರೊಸೆಕೆಂಡಿನಲ್ಲಿ ದಾಟುತ್ತದೆ. ಒಳಗೆ ಮೂರು ನಾಲ್ಕು ಸಲ ಓಡಾಡಿದ ಮೇಲೆ ಬಲ ಸಮ ಆಗುತ್ತದೆ. ರಬ್ಬರ್, ಫೋಮ್‌ಗಳಲ್ಲಿ ಅಲೆ ಬಹಳ ನಿಧಾನ, ಅಲ್ಲಿ ಸಮ ಆಗುವಷ್ಟರಲ್ಲಿ ಟೆಸ್ಟೇ ಮುಗಿದಿರಬಹುದು. ಅವಕ್ಕೆ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಬಾರ್, ತೆಳು ಸ್ಯಾಂಪಲ್ ಬೇಕು.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಅಲೆಗಳನ್ನು ಒಂದರ ಮೇಲೊಂದು ಕೂರಿಸುವಾಗ ಒಂದೆರಡು ಮೈಕ್ರೊಸೆಕೆಂಡ್ ಆಚೀಚೆ ಜರುಗಿಸಿದರೆ ಎರಡು ಬಲಗಳೂ ಚೆನ್ನಾಗಿ ಹೊಂದಿದಂತೆ ಕಾಣುತ್ತವೆ. ಹಾಗೆ ಮಾಡಬೇಡಿ. ಜರುಗಿಸುವ ಹೊತ್ತು ಗೇಜ್‌ನಿಂದ ಸ್ಯಾಂಪಲ್‌ವರೆಗಿನ ದೂರ ಮತ್ತು ಅಲೆಯ ವೇಗದಿಂದ ಬರಬೇಕು. ಕಣ್ಣಳತೆಯಲ್ಲಿ ಜರುಗಿಸಿದ ಕರ್ವ್‌ನ ಆರಂಭ ಯಾರಿಗೆ ಹೇಗೆ ಬೇಕೋ ಹಾಗೆ ಬಾಗುತ್ತದೆ.

ಹಂತ 7: ಯೀಲ್ಡ್ ಎಂದು ಯಾವ ನಂಬರ್ ಬರೆಯುವುದು

ಇಲ್ಲೇ ಜನ ಎಡವುವುದು. ಯುಟಿಎಂ ಕರ್ವ್‌ನಲ್ಲಿ ಶೇ. 0.2 ಆಫ್‌ಸೆಟ್ ಗೆರೆ (ಆರಂಭದ ಇಳಿಜಾರಿಗೆ ಸಮಾನಾಂತರವಾಗಿ, ಶೇ. 0.2 ಸ್ಟ್ರೈನ್ ಮುಂದೆ ಎಳೆಯುವ ಗೆರೆ) ಎಳೆದು ಯೀಲ್ಡ್ ಓದುವ ಅಭ್ಯಾಸ ಎಲ್ಲರಿಗೂ ಇದೆ. ಅದನ್ನೇ ಇಲ್ಲಿಯೂ ಮಾಡುತ್ತಾರೆ. ಆದರೆ ಸೆಕೆಂಡಿಗೆ 1485 ರೇಟಿನಲ್ಲಿ ಶೇ. 0.2 ಸ್ಟ್ರೈನ್ ಆಗಲು ಬೇಕಿರುವುದು 1.3 ಮೈಕ್ರೊಸೆಕೆಂಡ್. ಅಷ್ಟರಲ್ಲಿ ಅಲೆ ಸ್ಯಾಂಪಲನ್ನು ಒಂದು ಸಲ ದಾಟಿದೆ ಅಷ್ಟೆ, ಬಲ ಸಮ ಆಗಿಲ್ಲ. ಜೊತೆಗೆ ಸ್ಯಾಂಪಲ್ ಬಾರ್‌ನ ಮುಖವನ್ನು ಕೂದಲೆಳೆಯಷ್ಟು ಒಳಕ್ಕೆ ಒತ್ತುತ್ತದೆ, ಅದೂ ಸ್ಟ್ರೈನ್‌ನಲ್ಲಿ ಸೇರಿರುತ್ತದೆ. ಹಾಗಾಗಿ ಹಾಪ್ಕಿನ್ಸನ್ ಬಾರ್ ಕೊಡುವ ಕರ್ವ್‌ನ ಆರಂಭದ ಇಳಿಜಾರು ಯಂಗ್ಸ್ ಮಾಡ್ಯುಲಸ್ ಅಲ್ಲ. ಆ ಇಳಿಜಾರಿಗೆ ಸಮಾನಾಂತರವಾಗಿ ಎಳೆದ ಆಫ್‌ಸೆಟ್ ಗೆರೆ ತೋರಿಸುವುದೂ ಯೀಲ್ಡ್ ಅಲ್ಲ.

ನಾನು ಮಾಡುವುದು ಹೀಗೆ. ಬಲ ಸಮ ಆದ ಮೇಲಿನ ಒಂದು ಸ್ಟ್ರೈನ್ ಆರಿಸಿ, ಶೇ. 5 ಅನ್ನಿ, ಅಲ್ಲಿನ ಫ್ಲೋ ಸ್ಟ್ರೆಸ್ (ಲೋಹ ಮಣಿಯುತ್ತಲೇ ಇರಲು ಬೇಕಾದ ಸ್ಟ್ರೆಸ್) ಓದುತ್ತೇನೆ. ಯುಟಿಎಂ ಕರ್ವ್‌ನಲ್ಲೂ ಅದೇ ಶೇ. 5ರಲ್ಲಿ ಓದಿ ಹೋಲಿಸುತ್ತೇನೆ. ಯೀಲ್ಡ್ ಎಂದೇ ಒಂದು ನಂಬರ್ ಬೇಕು ಎಂದು ಕೇಳಿದರೆ, ಸಮ ಆದ ಮೇಲಿನ ಭಾಗವನ್ನು ಹಿಂದಕ್ಕೆ ಸೊನ್ನೆ ಸ್ಟ್ರೈನ್‌ವರೆಗೆ ಎಳೆದು ಸಿಕ್ಕ ನಂಬರ್ ಕೊಡುತ್ತೇನೆ, ಹಾಗೆ ಎಳೆದದ್ದು ಎಂದು ಬರೆದು ಕೊಡುತ್ತೇನೆ. ಮೈಲ್ಡ್ ಸ್ಟೀಲ್ ಶುರುವಿನಲ್ಲಿ ಒಂದು ಕೋಡು ತೋರಿಸಿ ಇಳಿಯುವುದುಂಟು. ಪಲ್ಸ್ ಶೇಪರ್ ಹಾಕಿ, ಬಲಗಳು ಹೊಂದಿದ ಮೇಲೂ ಅದು ಉಳಿದರೆ ಸ್ಟೀಲಿನದೇ ಗುಣ. ಇಲ್ಲದಿದ್ದರೆ ಬಾರ್‌ನ ಅಲುಗಾಟ.

ಬಿಸಿಯನ್ನೂ ಮರೆಯಬೇಡಿ. ನೂರು ಚಿಲ್ಲರೆ ಮೈಕ್ರೊಸೆಕೆಂಡಿನಲ್ಲಿ ಶಾಖ ಹೊರಹೋಗಲು ಹೊತ್ತಿಲ್ಲ. ಹಾಕಿದ ಕೆಲಸದಲ್ಲಿ ಸುಮಾರು ಶೇ. 90 ಸ್ಯಾಂಪಲನ್ನೇ ಕಾಯಿಸುತ್ತದೆ. ನಮ್ಮ ಉದಾಹರಣೆಯಲ್ಲಿ 25 ಡಿಗ್ರಿ ಏರುತ್ತದೆ. ಸ್ಟೀಲಿಗೆ ಅಷ್ಟು ಬಿಸಿ ಏನೂ ಅಲ್ಲ. ಆದರೆ ಶೇ. 50 ಸ್ಟ್ರೈನ್‌ವರೆಗೆ ಹೋಗುವವರು, ಟೈಟಾನಿಯಂ ಟೆಸ್ಟ್ ಮಾಡುವವರು ಇದನ್ನು ಬಿಡುವ ಹಾಗಿಲ್ಲ. ಕರ್ವ್ ಮೇಲೇರುವುದು ನಿಂತು ಕೆಳಗಿಳಿದರೆ ಅಲ್ಲಿ ಬಿಸಿ ಕೆಲಸ ಮಾಡುತ್ತಿರಬಹುದು. ಜಾನ್ಸನ್-ಕುಕ್ ಮಾಡೆಲ್ 1983ರಲ್ಲಿ ಬಂದಾಗಿನಿಂದ ಅಷ್ಟು ಬಳಕೆಯಲ್ಲಿರುವುದು ಸ್ಟ್ರೈನ್, ಸ್ಟ್ರೈನ್ ರೇಟ್, ಬಿಸಿ ಮೂರಕ್ಕೂ ಅದರಲ್ಲಿ ಬೇರೆ ಬೇರೆ ಪದ ಇರುವುದರಿಂದ. ಆ ಮಾಡೆಲ್‌ಗೆ ಡೇಟಾ ಹೊಂದಿಸುವವರು ಕನಿಷ್ಠ ಮೂರು ಬೇರೆ ಸ್ಟ್ರೈನ್ ರೇಟಿನಲ್ಲಿ, ಒಂದೊಂದಕ್ಕೂ ಮೂರು ಸ್ಯಾಂಪಲ್‌ನಂತೆ ಟೆಸ್ಟ್ ಮಾಡಿ.

ಟೆಸ್ಟ್ ಆದ ಸ್ಯಾಂಪಲನ್ನು ಅಳೆದರೆ ಲೆಕ್ಕಕ್ಕಿಂತ ಜಾಸ್ತಿ ಕುಗ್ಗಿರಬಹುದು. ಗಾಬರಿ ಬೇಡ. ಅಲೆ ಬಾರ್‌ನ ತುದಿಗೆ ಹೋಗಿ ಮತ್ತೆ ಬಂದು ಸ್ಯಾಂಪಲನ್ನು ಇನ್ನೊಮ್ಮೆ ಹೊಡೆದಿರುತ್ತದೆ. ಮೊದಲ ಹೊಡೆತಕ್ಕೇ ನಿಲ್ಲಿಸಬೇಕಾದರೆ ಸ್ಯಾಂಪಲ್ ಸುತ್ತ ಗಟ್ಟಿ ಸ್ಟೀಲಿನ ಸ್ಟಾಪ್ ರಿಂಗ್ ಹಾಕಿ. ಮೈಕ್ರೊಸ್ಕೋಪಿನಲ್ಲಿ ನೋಡುವ ಉದ್ದೇಶವಿದ್ದರೆ ಅದು ಬೇಕು.

ರಿಪೋರ್ಟಿನಲ್ಲಿ ಕರ್ವ್ ಜೊತೆ ಎರಡು ಬಲಗಳ ಗ್ರಾಫ್, ಹೊತ್ತಿನ ಜೊತೆ ಸ್ಟ್ರೈನ್ ರೇಟಿನ ಗ್ರಾಫ್ ಇರಲಿ. ವೋಲ್ಟೇಜಿನ ಮೂಲ ಫೈಲನ್ನು, ಫಿಲ್ಟರ್ ಮಾಡದೆ, ಹಾಗೇ ಉಳಿಸಿ. ಎರಡು ಬಲಗಳ ಗ್ರಾಫ್ ಇಲ್ಲದ ಪೇಪರ್ ಕಣ್ಣಿಗೆ ಬಿದ್ದರೆ ಅದರ ಯೀಲ್ಡ್ ನಂಬರನ್ನು ನಾನು ಸಿಮ್ಯುಲೇಶನ್‌ಗೆ ಹಾಕುವುದಿಲ್ಲ.

ಬಾರ್ ಇಲ್ಲದಿದ್ದರೆ: ಟೇಲರ್ ಟೆಸ್ಟ್

ಗ್ಯಾಸ್ ಗನ್ ಇದೆ, ಬಾರ್ ಇಲ್ಲ. ಅಥವಾ ಇನ್ನೂ ಹೆಚ್ಚಿನ ರೇಟ್ ಬೇಕು. ಆಗ ಸ್ಯಾಂಪಲನ್ನೇ ಗುಂಡಾಗಿ ಹಾರಿಸಿ. ಜಿ.ಐ. ಟೇಲರ್ 1948ರಲ್ಲಿ ಪ್ರಕಟಿಸಿದ ವಿಧಾನ ಇದು. ಸಿಲಿಂಡರನ್ನು ಗಟ್ಟಿಯಾದ ಸಮತಟ್ಟು ಸ್ಟೀಲ್ ದಿಮ್ಮಿಗೆ ನೇರವಾಗಿ ಹೊಡೆಯಬೇಕು. ಮುಂದಿನ ತುದಿ ಅಣಬೆಯಂತೆ ಹರಡುತ್ತದೆ, ಹಿಂದಿನ ತುದಿ ಹಾಗೇ ಉಳಿಯುತ್ತದೆ. ಅಳೆಯಬೇಕಾದದ್ದು ವೇಗ ಮತ್ತು ಉದ್ದ.

ವಿಲ್ಕಿನ್ಸ್ ಮತ್ತು ಗಿನನ್ 1973ರಲ್ಲಿ ಕೊಟ್ಟ ಸರಳ ಲೆಕ್ಕ ಹೀಗಿದೆ. ಸಾಂದ್ರತೆಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿ. ಮೊದಲಿನ ಉದ್ದವನ್ನು ಆಮೇಲಿನ ಉದ್ದದಿಂದ ಭಾಗಿಸಿ ಅದರ ನ್ಯಾಚುರಲ್ ಲಾಗ್ ತೆಗೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಡೈನಮಿಕ್ ಯೀಲ್ಡ್. 50 ಮಿ.ಮೀ. ಅಲ್ಯೂಮಿನಿಯಂ ಸಿಲಿಂಡರ್ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಬಡಿದು 42 ಮಿ.ಮೀ. ಆಯಿತು ಎಂದಿಟ್ಟುಕೊಳ್ಳಿ. 54ನ್ನು 0.174ರಿಂದ ಭಾಗಿಸಿದರೆ 310 ಮೆಗಾಪ್ಯಾಸ್ಕಲ್.

ಇದೊಂದು ಸರಾಸರಿ ನಂಬರ್. ಸಿಲಿಂಡರಿನ ಮುಂಭಾಗದಲ್ಲಿ ರೇಟ್ ಲಕ್ಷದ ಹತ್ತಿರ, ಹಿಂದೆ ಬಹುತೇಕ ಸೊನ್ನೆ. ಹಾಗಾಗಿ ಇದನ್ನು ಹಾಪ್ಕಿನ್ಸನ್ ಕರ್ವ್ ಪಕ್ಕದಲ್ಲಿ ಒಂದು ಚುಕ್ಕಿಯಾಗಿ ಹಾಕುವುದಕ್ಕಿಂತ, ಕರ್ವ್‌ನಿಂದ ಮಾಡಿದ ಮಾಡೆಲ್ ಸರಿಯಿದೆಯಾ ಎಂದು ನೋಡಲು ಬಳಸಿ. ಅದೇ ಸಿಲಿಂಡರನ್ನು ಅದೇ ವೇಗದಲ್ಲಿ ಸಿಮ್ಯುಲೇಶನ್‌ನಲ್ಲಿ ಹಾರಿಸಿ, ಸಿಕ್ಕ ಆಕಾರವನ್ನು ನಿಜದ ಸಿಲಿಂಡರ್ ಜೊತೆ ಹೋಲಿಸಿ. ಉದ್ದ ಮಾತ್ರ ಹೊಂದಿದರೆ ಸಾಲದು, ಬದಿಯ ಬಾಗು ಎಲ್ಲಿ ಶುರುವಾಗುತ್ತದೆ ಎಂಬುದೂ ಹೊಂದಬೇಕು. ಅದನ್ನು ವರ್ನಿಯರ್‌ನಲ್ಲಿ ಹಿಡಿಯುವುದು ಕಷ್ಟ, ಪ್ರೊಫೈಲ್ ಪ್ರೊಜೆಕ್ಟರ್‌ನಲ್ಲಿಟ್ಟು ಪ್ರತಿ ಮಿಲಿಮೀಟರಿಗೂ ವ್ಯಾಸ ಬರೆದುಕೊಳ್ಳಿ. ಸಿಲಿಂಡರ್ ಓರೆಯಾಗಿ ಬಡಿದಿದ್ದರೆ ಅಣಬೆಯ ಒಂದು ಅಂಚು ದಪ್ಪ, ಇನ್ನೊಂದು ತೆಳು ಇರುತ್ತದೆ. ಅಂಥದ್ದನ್ನು ಅಳೆಯಲು ಕೂರಬೇಡಿ, ಇನ್ನೊಂದು ಹಾರಿಸಿ.